ಹಳೆಯ ತಂತಿ, ಹೊಸ ಕಿವಿ

ಕಳೆದ ಕ್ರೀಡೋತ್ಸವದ ದಿನ ನಮ್ಮ ಕಾಲೇಜಿನ ಬಯಲಿನಲ್ಲಿ ಒಂದು ವಿಚಿತ್ರವಾದ ಸದ್ದು ಎದ್ದಿತು. ಹಗ್ಗಜಗ್ಗಾಟದ ಕೊನೆಯ ಸುತ್ತು. ಎರಡು ಬಣದವರೂ ಹಗ್ಗ ಹಿಡಿದು ಸೀಟಿಗಾಗಿ ಕಾದು ನಿಂತಿದ್ದಾರೆ. ಸುತ್ತಣ ಮೆಟ್ಟಿಲುಗಳ ಮೇಲೆ ಕುಳಿತ ನೂರಾರು ಹುಡುಗ ಹುಡುಗಿಯರು ಎರಡು ಬಾರಿ ಕಾಲನ್ನು ಅಪ್ಪಳಿಸಿ, ಒಂದು ಬಾರಿ ಕೈ ತಟ್ಟುತ್ತಿದ್ದಾರೆ. ಧಿಂ, ಧಿಂ, ಚಟ್! ಧಿಂ, ಧಿಂ, ಚಟ್! ಹೇಳಿಕೊಟ್ಟವರು ಯಾರೂ ಇಲ್ಲ. ಆದರೂ ತಾಳದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ನನ್ನ ಪಕ್ಕದಲ್ಲಿದ್ದ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನನ್ನು, "ಇದನ್ನು ಕಟ್ಟಿದವರು ಯಾರಪ್ಪಾ, ನಿಮ್ಮ ಹುಡುಗರೇ ಏನು?" ಎಂದು ಕೇಳಿದೆ. ಅವನು ನಕ್ಕು, "ಇಲ್ಲ ಸಾರ್, ಇದು ಕ್ವೀನ್ ತಂಡದ್ದು. ನಿಮಗಿಂತ ಹಳೆಯದು!" ಎಂದ.

ಕುಮಾರವ್ಯಾಸನನ್ನೂ ಪಂಪನನ್ನೂ ಪಾಠ ಹೇಳುವ ನನಗೆ ನನಗಿಂತ ಹಳೆಯದಾದ ವಸ್ತುಗಳ ಮೇಲೆ ಸಹಜವಾಗಿಯೇ ಗೌರವ. ಅದಕ್ಕೂ ಮಿಗಿಲಾಗಿ, ಹತ್ತೊಂಬತ್ತರ ಹುಡುಗನೊಬ್ಬನು ಹಳೆಯದನ್ನು ಇಷ್ಟು ಹೆಮ್ಮೆಯಿಂದ ತನ್ನದೆಂದು ಹೇಳಿಕೊಂಡದ್ದು ನನ್ನಲ್ಲಿ ಕುತೂಹಲವನ್ನು ಹುಟ್ಟಿಸಿತು. ಆ ಸಂಜೆಯಿಂದ ನಾನು ಹುಡುಕಿ ಓದಿದ, ಕೇಳಿದ, ನೋಡಿದ ಸಂಗತಿಗಳನ್ನು ವಾಚಕರ ಮುಂದೆ ಇಡುತ್ತಿದ್ದೇನೆ. ರಾಕ್ ಸಂಗೀತವೆಂದರೆ ಬರಿಯ ಗದ್ದಲವೆಂದು ತಿಳಿದ ಹಿರಿಯರೂ ಇದನ್ನು ಓದಬಹುದು. ಏಕೆಂದರೆ ಇದು ತಂದೆ ಮಕ್ಕಳ ಕಥೆಯೂ ಹೌದು.

ಅಗ್ಗಿಷ್ಟಿಕೆಯ ಮರದ ವಾದ್ಯ

ಆ ತಾಳವನ್ನು ಕಟ್ಟಿದಾತನ ಹೆಸರು ಬ್ರಯಾನ್ ಮೇ. ಹುಟ್ಟಿದ್ದು ೧೯೪೭ರ ಜುಲೈ ೧೯ರಂದು, ಲಂಡನ್ನಿನ ಅಂಚಿನ ಹ್ಯಾಂಪ್ಟನ್ನಿನಲ್ಲಿ. ತಂದೆ ಹೆರಾಲ್ಡ್ ಮೇ ಸರ್ಕಾರದ ವಿಮಾನಯಾನ ಇಲಾಖೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದವರು. ಮನೆಯಲ್ಲಿ ಐಶ್ವರ್ಯವಿರಲಿಲ್ಲ, ಕೈಯಲ್ಲಿ ಮಾತ್ರ ಅಪಾರ ಕುಶಲತೆಯಿತ್ತು. ಮನೆಯ ಟೆಲಿವಿಷನ್ ಯಂತ್ರವನ್ನು ಸಹ ಆತ ತಾವೇ ಜೋಡಿಸಿದ್ದರಂತೆ.

ಹದಿನಾರರ ಹುಡುಗ ಬ್ರಯಾನನಿಗೆ ವಿದ್ಯುತ್ ಗಿಟಾರ್ ಬೇಕಾಯಿತು. ಅಂಗಡಿಯಲ್ಲಿದ್ದ ಅಮೆರಿಕದ ಗಿಟಾರುಗಳ ಬೆಲೆ ಆ ಮನೆಗೆ ಎಟುಕುವಂಥದಲ್ಲ. ತಂದೆಯೂ ಮಗನೂ ಕುಳಿತು ಯೋಚಿಸಿ, ವಾದ್ಯವನ್ನು ತಾವೇ ಮಾಡುವುದೆಂದು ನಿಶ್ಚಯಿಸಿದರು. ೧೯೬೩ರಲ್ಲಿ ಆರಂಭವಾದ ಕೆಲಸ ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು. ಪರಿಚಯದವರ ಮನೆಯಲ್ಲಿ ಕಿತ್ತು ಹಾಕಿದ್ದ, ನೂರು ವರ್ಷಕ್ಕೂ ಹಳೆಯದಾದ ಅಗ್ಗಿಷ್ಟಿಕೆಯ ಮರದಿಂದ ಗಿಟಾರಿನ ಕುತ್ತಿಗೆಯನ್ನು ಕೆತ್ತಿದರು. ಮರದಲ್ಲಿ ಹುಳು ಕೊರೆದ ತೂತುಗಳಿದ್ದುವು. ಅವುಗಳಿಗೆ ಬೆಂಕಿಕಡ್ಡಿಗಳನ್ನು ತುರುಕಿ ಮುಚ್ಚಿದರು. ಒಡಲಿಗೆ ಹಳೆಯ ಮೇಜಿನ ಓಕ್ ಮರ; ಸ್ವರವನ್ನು ತುಯ್ಯುವ ಸನ್ನೆಯ ಕೆಳಗೆ ಹಳೆಯ ಮೋಟಾರು ಸೈಕಲ್ಲಿನ ಸ್ಪ್ರಿಂಗುಗಳು; ಆ ಸನ್ನೆಯ ತುದಿಗೆ ತಾಯಿಯ ಹೆಣಿಗೆ ಕಡ್ಡಿಯ ತುಂಡು; ಸ್ವರಸ್ಥಾನಗಳನ್ನು ತೋರಲು ತಾಯಿಯ ಹೊಲಿಗೆಯ ಪೆಟ್ಟಿಗೆಯಿಂದ ತೆಗೆದ ಮುತ್ತಿನ ಚಿಪ್ಪಿನ ಗುಂಡಿಗಳು. ಒಟ್ಟು ವೆಚ್ಚ ಎಂಟು ಪೌಂಡಿನ ಆಸುಪಾಸು!

ಬಣ್ಣದಿಂದ ಅದಕ್ಕೆ 'ರೆಡ್ ಸ್ಪೆಷಲ್' ಎಂಬ ಹೆಸರು ಬಂದಿತು. ಅದನ್ನು ನುಡಿಸಲು ಮೇ ಅವರು ಆರು ಪೆನ್ಸಿನ ಹಳೆಯ ನಾಣ್ಯವನ್ನು ಬಳಸುತ್ತಾರೆ. ಬ್ರಿಟನ್ ಆ ನಾಣ್ಯದ ಚಲಾವಣೆಯನ್ನು ೧೯೮೦ರಲ್ಲಿ ನಿಲ್ಲಿಸಿತು. ಮೇ ಅವರ ಬೆರಳುಗಳ ನಡುವೆ ಮಾತ್ರ ಅದು ಚಲಾವಣೆಯಲ್ಲೇ ಉಳಿದಿದೆ. ಜಗತ್ತಿನ ಅತಿ ದೊಡ್ಡ ಕ್ರೀಡಾಂಗಣಗಳಲ್ಲಿ ಅರವತ್ತು ವರ್ಷಗಳ ಅನಂತರವೂ ಮೊಳಗುತ್ತಿರುವುದು ತಂದೆ ಮಗನ ಆ ಅಗ್ಗಿಷ್ಟಿಕೆಯ ಮರವೇ ಎಂದರೆ ಯಾರಿಗೆ ತಾನೆ ಸೋಜಿಗವಾಗದು?

ಪಂಚಗಣಿಯ ಬಾಲಕ

ಈಗ ನಮ್ಮ ದೇಶದ ಕಡೆಗೆ ತಿರುಗೋಣ. ನಮ್ಮ ಕೃಷ್ಣೆ ಹುಟ್ಟುವ ಮಹಾಬಳೇಶ್ವರದ ನೆರೆಯಲ್ಲಿ ಪಂಚಗಣಿಯೆಂಬ ಗಿರಿಧಾಮವಿದೆಯಷ್ಟೆ. ಅಲ್ಲಿನ ಸೇಂಟ್ ಪೀಟರ್ಸ್ ಶಾಲೆಗೆ ಎಂಟು ವರ್ಷದ ಪಾರ್ಸಿ ಬಾಲಕನೊಬ್ಬನನ್ನು ಹೆತ್ತವರು ಆಫ್ರಿಕದ ಜಾಂಜಿಬಾರಿನಿಂದ ಕಳುಹಿಸಿಕೊಟ್ಟರು. ಹುಡುಗನ ಹೆಸರು ಫರೋಖ್ ಬುಲ್ಸಾರಾ. ವಂಶದ ಮೂಲ ಗುಜರಾತು. ಹುಟ್ಟಿದ್ದು ೧೯೪೬ರ ಸೆಪ್ಟೆಂಬರ್ ೫ರಂದು ಜಾಂಜಿಬಾರಿನಲ್ಲಿ. ತಾಯ್ತಂದೆಯರಿಂದ ಸಮುದ್ರದಷ್ಟು ದೂರದಲ್ಲಿ ಬೆಳೆದ ಆ ಹುಡುಗ ಪಂಚಗಣಿಯಲ್ಲಿ ಪಿಯಾನೊ ಕಲಿತ. ಗೆಳೆಯರೊಡನೆ 'ಹೆಕ್ಟಿಕ್ಸ್' ಎಂಬ ಪುಟ್ಟ ತಂಡವನ್ನು ಕಟ್ಟಿ ಶಾಲೆಯ ಸಮಾರಂಭಗಳಲ್ಲಿ ನುಡಿಸಿದ. ೧೯೬೪ರಲ್ಲಿ ಜಾಂಜಿಬಾರಿನಲ್ಲಿ ಕ್ರಾಂತಿಯಾದಾಗ ಆ ಕುಟುಂಬ ಇಂಗ್ಲೆಂಡಿಗೆ ಬಂದು ನೆಲೆಸಿತು.

ಅತ್ತ ಬ್ರಯಾನ್ ಮೇ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿ. ೧೯೬೮ರಲ್ಲಿ ಅವರೂ ಡೋಲುವಾದಕ ರೋಜರ್ ಟೇಲರ್ ಅವರೂ ಸೇರಿ 'ಸ್ಮೈಲ್' ಎಂಬ ತಂಡದಲ್ಲಿ ನುಡಿಸುತ್ತಿದ್ದರು. ತಂಡದ ಗಾಯಕ ೧೯೭೦ರಲ್ಲಿ ಬಿಟ್ಟು ಹೋದಾಗ ಆ ಸ್ಥಾನಕ್ಕೆ ಬಂದವನೇ ಪಂಚಗಣಿಯ ಹುಡುಗ. ತಂಡಕ್ಕೆ 'ಕ್ವೀನ್' ಎಂದೂ ತನಗೆ ಫ್ರೆಡ್ಡಿ ಮರ್ಕ್ಯುರಿ ಎಂದೂ ನಾಮಕರಣ ಮಾಡಿದಾತ ಅವನೇ. ಮರುವರ್ಷ ಜಾನ್ ಡೀಕನ್ ಬಂದು ಸೇರಿ ನಾಲ್ವರ ತಂಡ ಪೂರ್ಣವಾಯಿತು. ಮೊದಲ ಧ್ವನಿಮುದ್ರಿಕೆ ಹೊರಬಂದದ್ದು ೧೯೭೩ರಲ್ಲಿ.

ಎರಡು ಹಾಡುಗಳ ಹುಟ್ಟು

ಈ ತಂಡದ ಎರಡು ಹಾಡುಗಳನ್ನು ಕುರಿತು ಹೇಳಿದರೆ ಇವರ ಶಕ್ತಿ ಎಂಥದೆಂಬುದು ತಿಳಿದೀತು.

ಮೊದಲನೆಯದು ಫ್ರೆಡ್ಡಿ ರಚಿಸಿದ 'ಬೊಹೀಮಿಯನ್ ರ್‍ಹಾಪ್ಸಡಿ', ೧೯೭೫ರದು. ಅದರ ಅವಧಿ ಐದು ನಿಮಿಷ ಐವತ್ತೈದು ಸೆಕೆಂಡು. ರೇಡಿಯೋದಲ್ಲಿ ಮೂರು ನಿಮಿಷದ ಹಾಡುಗಳೇ ಸಲ್ಲುತ್ತಿದ್ದ ಕಾಲವದು. ಇಷ್ಟುದ್ದದ ಹಾಡನ್ನು ಯಾರೂ ಕೇಳರೆಂದು ಧ್ವನಿಮುದ್ರಣ ಸಂಸ್ಥೆಯವರು ಹಿಂಜರಿದರು. ಹಾಡಿಗೆ ಪಲ್ಲವಿಯೆಂಬುದಿಲ್ಲ. ಶಾಂತವಾದ ಪಿಯಾನೊದಿಂದ ತೊಡಗಿ, ನಡುವೆ ಇಟಲಿಯ ಗೀತನಾಟಕವಾಗಿ, ಮುಂದೆ ಗಿಟಾರಿನ ಬಿರುಗಾಳಿಯಾಗಿ, ಕೊನೆಗೆ ಪಿಸುಮಾತಿನಲ್ಲಿ ನಿಲ್ಲುತ್ತದೆ. ನಡುವಣ ಭಾಗದಲ್ಲಿ ದೊಡ್ಡ ಗಾಯಕವೃಂದವೇ ನೆರೆದಂತೆ ಕೇಳಿಸಿದರೂ ಹಾಡಿದವರು ಮೂವರೇ: ಫ್ರೆಡ್ಡಿ, ಮೇ ಮತ್ತು ಟೇಲರ್. ದನಿಯ ಮೇಲೆ ದನಿಯನ್ನು ಎಷ್ಟು ಬಾರಿ ಮುದ್ರಿಸಿದರೆಂದರೆ, ಟೇಪು ಸವೆದು ಬೆಳಕು ಹಾಯುವಷ್ಟು ತೆಳುವಾಯಿತೆಂದು ಮೇ ಅವರೇ ಹೇಳಿದ್ದಾರೆ. ಲಂಡನ್ನಿನ ರೇಡಿಯೋ ನಿರೂಪಕ ಕೆನಿ ಎವರೆಟ್ ವಾರಾಂತ್ಯದ ಎರಡು ದಿನಗಳಲ್ಲಿ ಅದನ್ನು ಹದಿನಾಲ್ಕು ಬಾರಿ ಕೇಳಿಸಿದ. ಮುಂದೆ ಬ್ರಿಟನ್ನಿನಲ್ಲಿ ಅದು ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು.

ಎರಡನೆಯದೇ ನಮ್ಮ ಬಯಲಿನಲ್ಲಿ ಕೇಳಿದ ತಾಳ: 'ವಿ ವಿಲ್ ರಾಕ್ ಯೂ', ೧೯೭೭. ಇದು ಮೇ ಅವರ ರಚನೆ. ಇಂಗ್ಲೆಂಡಿನ ಸ್ಟಾಫರ್ಡಿನಲ್ಲಿ ಕಚೇರಿ ಮುಗಿಸಿ ತಂಡ ಒಳಗೆ ಹೋದ ಮೇಲೂ ಜನ ಕದಲದೆ, ಕಾಲ್ಚೆಂಡಾಟದ ಬಯಲುಗಳಲ್ಲಿ ಹಾಡುವ ಗೀತೆಯೊಂದನ್ನು ಒಕ್ಕೊರಲಿನಿಂದ ಹಾಡತೊಡಗಿದರಂತೆ. ಕೇಳಲು ಬಂದವರು ಹಾಡಲು ನಿಂತರೆ ಅವರಿಗೊಂದು ಹಾಡು ಬೇಡವೇ? ಇಕ್ಕಟ್ಟಿನಲ್ಲಿ ನಿಂತ ಜನ ಏನು ತಾನೆ ಮಾಡಬಲ್ಲರು? ಕಾಲು ಬಡಿಯಬಲ್ಲರು, ಕೈ ತಟ್ಟಬಲ್ಲರು, ದನಿಗೂಡಿಸಬಲ್ಲರು. ಅಷ್ಟರಲ್ಲೇ ಹಾಡಾಗಬೇಕು!

ಇಲ್ಲಿ ಭೌತಶಾಸ್ತ್ರ ನೆರವಿಗೆ ಬಂದಿತು. ಹಿಂದೆ ಚರ್ಚಾಗಿದ್ದ ಲಂಡನ್ನಿನ ಕಟ್ಟಡವೊಂದರಲ್ಲಿ ಧ್ವನಿಮುದ್ರಣ ನಡೆಯಿತು. ಹಾಡಿನಲ್ಲಿ ಡೋಲೇ ಇಲ್ಲ. ಹಲಗೆಗಳ ಮೇಲೆ ಕಾಲು ಅಪ್ಪಳಿಸಿದ ಸದ್ದನ್ನೇ ಮತ್ತೆ ಮತ್ತೆ ಮುದ್ರಿಸಿದರು. ಒಂದೇ ಸದ್ದು ಸಮನಾದ ಅಂತರದಲ್ಲಿ ಮರಳಿ ಕೇಳಿಸಿದರೆ ಅದು ಗವಿಯೊಳಗಿನ ಮಾರ್ದನಿಯಂತಾಗುತ್ತದೆ. ಆದುದರಿಂದ ಮೇ ಅವರು ಆ ಅಂತರಗಳನ್ನು ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ, ಎಂದರೆ ಒಂದಕ್ಕೊಂದು ಹೊಂದದಂತೆ, ಇಟ್ಟರು. ಮಾರ್ದನಿ ಅಡಗಿ, ಸಾವಿರಾರು ಮಂದಿ ನಮ್ಮ ಸುತ್ತಲೂ ನಿಂತು ಕಾಲು ಬಡಿಯುತ್ತಿರುವ ಭ್ರಮೆ ಹುಟ್ಟಿತು. ನಮ್ಮ ಹುಡುಗರು ಮೆಟ್ಟಿಲ ಮೇಲೆ ಬಾರಿಸಿದ ಸದ್ದಿನ ಹಿಂದೆ ಇಷ್ಟು ಗಣಿತವಿದೆ.

ತಂದೆಯ ಮುನಿಸು

ಮೇ ಅವರ ಸಂಶೋಧನೆಯ ವಿಷಯ ಆಕಾಶದ ಧೂಳು. ಸೂರ್ಯೋದಯಕ್ಕೆ ಮೊದಲು, ಸೂರ್ಯಾಸ್ತದ ಅನಂತರ, ದಿಗಂತದಲ್ಲಿ ತೋರುವ ಮಸುಕಾದ ರಾಶಿಚಕ್ರದ ಬೆಳಕಿಗೆ ಕಾರಣವಾದ ಗ್ರಹಾಂತರ ಧೂಳಿನ ಚಲನೆ. ಅದಕ್ಕಾಗಿ ಟೆನೆರೀಫ್ ದ್ವೀಪದ ಬೆಟ್ಟದ ಮೇಲೆ ಕುಳಿತು ವೀಕ್ಷಣೆಗಳನ್ನೂ ನಡೆಸಿದ್ದರು. ಆದರೆ ತಂಡಕ್ಕೆ ಹೆಸರು ಬರುತ್ತಿದ್ದಂತೆ, ೧೯೭೪ರಲ್ಲಿ ಪ್ರಬಂಧವನ್ನು ಮುಗಿಸದೆಯೇ ಎತ್ತಿಟ್ಟರು.

ಇದರಿಂದ ಹೆರಾಲ್ಡ್ ಮೇ ಅವರಿಗಾದ ವ್ಯಥೆಯನ್ನು ಯಾವ ಮಧ್ಯಮ ವರ್ಗದ ತಂದೆಯೂ ಊಹಿಸಬಲ್ಲ. ಗಿಟಾರನ್ನು ಮಾಡಿಕೊಟ್ಟ ಕೈಯೇ ಅದು. ಆದರೆ ಮಗ ಅದನ್ನೇ ಜೀವನವಾಗಿಸಿಕೊಂಡಾನೆಂದು ಅವರು ಎಣಿಸಿರಲಿಲ್ಲ. ಇಷ್ಟು ಓದಿಸಿದ್ದು ವ್ಯರ್ಥವಾಯಿತೆಂಬ ನೋವು ಇಬ್ಬರ ನಡುವೆ ಬಿರುಕಾಗಿ ನಿಂತಿತು.

೧೯೭೭ರ ಕೊನೆಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಕ್ವೀನ್ ತಂಡದ ಕಚೇರಿಯಿತ್ತು. ಮಗ ತಂದೆತಾಯಿಯರನ್ನು ಕಾಂಕಾರ್ಡ್ ವಿಮಾನದಲ್ಲಿ ಕರೆಸಿಕೊಂಡ. ಆ ವಿಮಾನದ ಉಪಕರಣಗಳ ಕೆಲಸದಲ್ಲಿ ಕೈಯಾಡಿಸಿದ್ದರೂ ಅದರಲ್ಲಿ ಕುಳಿತು ಪಯಣಿಸುವ ಅನುಕೂಲ ಹೆರಾಲ್ಡ್ ಅವರಿಗೆ ಒದಗಿರಲಿಲ್ಲ. ಅಂದಿನ ರಾತ್ರಿ, ತಾವು ಕೆತ್ತಿದ ಮರದಿಂದ ಹೊರಟ ನಾದಕ್ಕೆ ಆ ಭಾರಿ ಸಭೆ ಎದ್ದು ನಿಂತದ್ದನ್ನು ಕಂಡ ಮೇಲೆ, ಈಗ ನನಗೆ ಅರ್ಥವಾಯಿತೆಂದು ಅವರು ಮಗನಿಗೆ ಹೇಳಿದರಂತೆ. ಮಗನಿಗೆ ದೊರೆತ ಪ್ರಶಸ್ತಿಗಳಲ್ಲಿ ಅದಕ್ಕಿಂತ ದೊಡ್ಡದಾವುದು?

ಸಂಶೋಧನೆಯ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಮೂವತ್ತು ವರ್ಷಗಳ ಮೇಲೆ, ಅರವತ್ತರ ಅಂಚಿನಲ್ಲಿ, ಮೇ ಅವರು ಹಳೆಯ ಟಿಪ್ಪಣಿಗಳನ್ನು ಹುಡುಕಿ ತೆಗೆದರು. ಆ ವಿಷಯದಲ್ಲಿ ನಡುವೆ ಹೆಚ್ಚು ಮಂದಿ ಕೆಲಸ ಮಾಡಿರಲಿಲ್ಲ. ೨೦೦೭ರಲ್ಲಿ ಇಂಪೀರಿಯಲ್ ಕಾಲೇಜು ಅವರಿಗೆ ಖಗೋಳ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ನೀಡಿತು. ಹೆರಾಲ್ಡ್ ಮಾತ್ರ ಅದನ್ನು ಕಾಣಲು ಉಳಿದಿರಲಿಲ್ಲ.

ದನಿ ಅಡಗಿದಾಗ

೧೯೮೫ರ ಜುಲೈ ೧೩ರಂದು ಇಥಿಯೋಪಿಯದ ಕ್ಷಾಮ ಪರಿಹಾರಕ್ಕಾಗಿ ಲಂಡನ್ನಿನ ವೆಂಬ್ಲಿಯಲ್ಲಿ 'ಲೈವ್ ಏಡ್' ಎಂಬ ಮಹಾಮೇಳ ನಡೆಯಿತು. ಕ್ವೀನ್ ತಂಡಕ್ಕೆ ದೊರೆತ ಸಮಯ ಇಪ್ಪತ್ತು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಫ್ರೆಡ್ಡಿ ಎಪ್ಪತ್ತು ಸಾವಿರ ಜನರನ್ನು ಬೆರಳ ತುದಿಯಲ್ಲಿ ಆಡಿಸಿದ್ದನ್ನು ಇಂದಿಗೂ ಜನ ಕಣ್ಣರಳಿಸಿ ನೋಡುತ್ತಾರೆ.

ಅದಾದ ಕೆಲವೇ ವರ್ಷಗಳಲ್ಲಿ ಏಡ್ಸ್ ರೋಗ ಆತನನ್ನು ಹಿಡಿಯಿತು. ಕೊನೆಯ ದಿನಗಳಲ್ಲಿ ನಿಲ್ಲಲೂ ತ್ರಾಣವಿಲ್ಲದಾಗ ಆತ ಗೆಳೆಯರಿಂದ ಹಾಡುಗಳನ್ನು ಬರೆಸಿಕೊಂಡು ಹಾಡಿದ. ಬಹುಪಾಲು ಮೇ ಅವರೇ ರಚಿಸಿದ 'ದ ಶೋ ಮಸ್ಟ್ ಗೋ ಆನ್' ಹಾಡಿನ ಸ್ವರಗಳು ಬಲು ಎತ್ತರದಲ್ಲಿದ್ದುವು. ಈ ಸ್ಥಿತಿಯಲ್ಲಿ ಅದನ್ನು ಹಾಡಲಾದೀತೇ ಎಂದು ಮೇ ಅಳುಕಿದರು. ಫ್ರೆಡ್ಡಿ ಒಂದು ಗುಟುಕು ವೋಡ್ಕಾ ಕುಡಿದು ಹಾಡಿಯೇ ಬಿಟ್ಟನೆಂದು ಮೇ ನೆನೆಯುತ್ತಾರೆ. ೧೯೯೧ರ ನವೆಂಬರ್ ೨೩ರಂದು ತನ್ನ ರೋಗವನ್ನು ಲೋಕಕ್ಕೆ ತಿಳಿಸಿದ, ಮರುದಿನವೇ ತೀರಿಕೊಂಡ. ವಯಸ್ಸು ನಲವತ್ತೈದು.

ತಂಡದ ಬಾಳು ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿದರು. ಜಾನ್ ಡೀಕನ್ ೧೯೯೭ರಲ್ಲಿ ರಂಗದಿಂದ ನಿವೃತ್ತರಾದರು. ಉಳಿದವರು ಇಬ್ಬರೇ: ಮೇ ಮತ್ತು ಟೇಲರ್.

ಹೊಸಬರು ಬಂದ ಬಗೆ

ಆದರೆ ಹಾಡುಗಳು ಸುಮ್ಮನಿರಲಿಲ್ಲ. ೧೯೯೨ರಲ್ಲಿ 'ವೇಯ್ನ್ಸ್ ವರ್ಲ್ಡ್' ಎಂಬ ಹಾಸ್ಯಚಿತ್ರದಲ್ಲಿ ಕಾರಿನಲ್ಲಿ ಕುಳಿತ ಹುಡುಗರು ಬೊಹೀಮಿಯನ್ ರ್‍ಹಾಪ್ಸಡಿಗೆ ತಲೆ ಕುಣಿಸಿದರು. ಹದಿನೇಳು ವರ್ಷದ ಹಳೆಯ ಹಾಡು ಅಮೆರಿಕದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ೨೦೦೨ರಲ್ಲಿ ಲಂಡನ್ನಿನಲ್ಲಿ ಆರಂಭವಾದ 'ವಿ ವಿಲ್ ರಾಕ್ ಯೂ' ಎಂಬ ಸಂಗೀತ ನಾಟಕ ಹನ್ನೆರಡು ವರ್ಷ ನಡೆಯಿತು. ೨೦೦೫ರಿಂದ ನಾಲ್ಕು ವರ್ಷ ಪಾಲ್ ರೋಜರ್ಸ್ ಎಂಬ ಹಿರಿಯ ಗಾಯಕರು ತಂಡದೊಡನೆ ಹಾಡಿದರು.

೨೦೦೯ರಲ್ಲಿ ಅಮೆರಿಕದ ಟೆಲಿವಿಷನ್ ಗಾಯನ ಸ್ಪರ್ಧೆಯ ಕೊನೆಯ ದಿನ ಸ್ಪರ್ಧಿಗಳೊಡನೆ ನುಡಿಸಲು ಮೇ ಮತ್ತು ಟೇಲರ್ ಹೋದರು. ಅಲ್ಲಿ ಎರಡನೆಯವನಾಗಿ ನಿಂತ ಆಡಂ ಲ್ಯಾಂಬರ್ಟ್ ಎಂಬ ತರುಣ ಹುಟ್ಟಿದ್ದು ೧೯೮೨ರಲ್ಲಿ, ಕ್ವೀನ್ ತಂಡದ ಮೊದಲ ಮುದ್ರಿಕೆ ಬಂದು ಒಂಬತ್ತು ವರ್ಷವಾದ ಮೇಲೆ! ೨೦೧೨ರಲ್ಲಿ ಉಕ್ರೇನಿನ ಕೀವ್ ನಗರದಲ್ಲಿ ಆತ ತಂಡದೊಡನೆ ಪೂರ್ಣ ಕಚೇರಿಯನ್ನು ಹಾಡಿದ. ಅಂದಿನಿಂದ ಜತೆ ಬಿಟ್ಟಿಲ್ಲ.

೨೦೧೮ರಲ್ಲಿ ಬಂದ 'ಬೊಹೀಮಿಯನ್ ರ್‍ಹಾಪ್ಸಡಿ' ಚಲನಚಿತ್ರ ಉಳಿದುದನ್ನು ಪೂರೈಸಿತು. ತೊಂಬತ್ತು ಕೋಟಿ ಡಾಲರಿಗೂ ಮಿಕ್ಕು ಗಳಿಸಿ, ಫ್ರೆಡ್ಡಿಯ ಪಾತ್ರ ವಹಿಸಿದ ರಾಮಿ ಮಾಲೆಕ್‌ಗೆ ಶ್ರೇಷ್ಠ ನಟ ಪ್ರಶಸ್ತಿಯೂ ಸೇರಿದಂತೆ ನಾಲ್ಕು ಆಸ್ಕರ್‌ಗಳನ್ನು ಪಡೆಯಿತು. ಚಿತ್ರದಲ್ಲಿ ಕಾಲಕ್ರಮ ಹಿಂದುಮುಂದಾಗಿರುವುದು ನಿಜ. ಲೈವ್ ಏಡ್‌ಗೆ ಮುನ್ನವೇ ಫ್ರೆಡ್ಡಿಗೆ ರೋಗದ ಸುಳಿವು ತಿಳಿದಿತ್ತೆಂದು ಅದು ತೋರಿಸುತ್ತದೆ, ವಾಸ್ತವವಾಗಿ ಅದು ದೃಢಪಟ್ಟದ್ದು ೧೯೮೭ರಲ್ಲಿ. ಇರಲಿ. ನನ್ನ ವಿದ್ಯಾರ್ಥಿ ಕ್ವೀನ್ ತಂಡವನ್ನು ಅರಿತದ್ದು ಆ ಚಿತ್ರದಿಂದಲೇ. ಅದೇ ವರ್ಷದ ಡಿಸೆಂಬರಿನಲ್ಲಿ, ಅಂತರ್ಜಾಲದಲ್ಲಿ ಅತ್ಯಂತ ಹೆಚ್ಚು ಬಾರಿ ಕೇಳಲ್ಪಟ್ಟ ಇಪ್ಪತ್ತನೆಯ ಶತಮಾನದ ಹಾಡು ಬೊಹೀಮಿಯನ್ ರ್‍ಹಾಪ್ಸಡಿಯೆಂದು ಪ್ರಕಟವಾಯಿತು. ೧೯೮೧ರಲ್ಲಿ ಬಂದ ಅವರ 'ಗ್ರೇಟೆಸ್ಟ್ ಹಿಟ್ಸ್' ಸಂಕಲನ ೨೦೨೨ರಲ್ಲಿ ಬ್ರಿಟನ್ ಒಂದರಲ್ಲೇ ಎಪ್ಪತ್ತು ಲಕ್ಷದ ಗಡಿಯನ್ನು ದಾಟಿತು. ಅಲ್ಲಿ ಆ ಸಂಖ್ಯೆಯನ್ನು ಮುಟ್ಟಿದ ಮೊದಲ ಸಂಕಲನವದು.

ಮುಪ್ಪು ಮಾತ್ರ ಯಾರನ್ನೂ ಬಿಡದು. ೨೦೨೦ರಲ್ಲಿ ಮೇ ಅವರಿಗೆ ಹೃದಯಾಘಾತವಾಯಿತು. ೨೦೨೩ರಲ್ಲಿ 'ಸರ್' ಪದವಿ ಬಂದಿತು. ೨೦೨೪ರಲ್ಲಿ ಲಘುವಾದ ಪಾರ್ಶ್ವವಾಯು ಬಡಿದು ಎಡಗೈ ಕೆಲಕಾಲ ಸ್ವಾಧೀನ ತಪ್ಪಿತು. ತಂತಿಗಳನ್ನು ಒತ್ತುವ ಕೈಯೇ ಎಡಗೈ! ಆ ಕೈ ಮತ್ತೆ ಗಿಟಾರಿನ ಮೇಲೆ ಆಡಿತು. ೨೦೨೫ರ ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯದ ಕೋಚೆಲ್ಲಾ ಮೇಳದಲ್ಲಿ ಬೆನ್ಸನ್ ಬೂನ್ ಎಂಬ ಇಪ್ಪತ್ತೆರಡರ ಗಾಯಕನ ಪಕ್ಕದಲ್ಲಿ ಅವರು ಬೊಹೀಮಿಯನ್ ರ್‍ಹಾಪ್ಸಡಿಯನ್ನು ನುಡಿಸಿದರು. ಬಿಳಿಯ ಗುಂಗುರು ಕೂದಲಿನ ಆ ವೃದ್ಧರು ಯಾರೆಂದು ನೆರೆದ ತರುಣರಲ್ಲಿ ಹಲವರಿಗೆ ತಿಳಿದಂತಿರಲಿಲ್ಲವೆಂಬ ಮಾತೂ ಆಮೇಲೆ ಬಂದಿತು. ಹೊಸ ಪೀಳಿಗೆ ತಾನಾಗಿ ಬರುವುದಿಲ್ಲ. ಮತ್ತೆ ಮತ್ತೆ ಹೋಗಿ ಅದರ ಮುಂದೆ ನಿಲ್ಲಬೇಕಾಗುತ್ತದೆ.

ಒಂದು ಆಕ್ಷೇಪ

ಫ್ರೆಡ್ಡಿ ಇಲ್ಲದೆ ಕ್ವೀನ್ ಎಲ್ಲಿಯದು, ಗೆಳೆಯನ ಹೆಸರಿನಲ್ಲಿ ಹಣ ಮಾಡುತ್ತಿದ್ದಾರೆ ಎಂದು ಆಕ್ಷೇಪಿಸುವವರು ಉಂಟು. ಅದು ತಳ್ಳಿಹಾಕಬಹುದಾದ ಮಾತಲ್ಲ. ಫ್ರೆಡ್ಡಿಯಂಥ ಕಂಠ ಮತ್ತೆ ಬಂದಿಲ್ಲ. ಲ್ಯಾಂಬರ್ಟನೂ ತಾನು ಆ ಸ್ಥಾನವನ್ನು ತುಂಬಲು ಬಂದವನಲ್ಲವೆಂದು ಮತ್ತೆ ಮತ್ತೆ ಹೇಳಿದ್ದಾನೆ.

ನಾನು ನಮ್ಮ ಗಮಕಿಗಳನ್ನು ನೆನೆಯುತ್ತೇನೆ. ಕುಮಾರವ್ಯಾಸನ ಕಂಠ ಹೇಗಿತ್ತೋ ಬಲ್ಲವರಿಲ್ಲ. ಕಾವ್ಯ ಓಲೆಯಲ್ಲಿ ಉಳಿಯಿತು. ಆದರೆ ಊರ ಜಗಲಿಗಳಲ್ಲಿ ಅದನ್ನು ಬದುಕಿಸಿದವರು ತಲೆತಲೆಮಾರಿನ ಗಮಕಿಗಳು. ಅವರಲ್ಲಿ ಯಾರೂ ತಾನೇ ಕವಿಯೆಂದು ಹೇಳಿಕೊಳ್ಳಲಿಲ್ಲ. ಪದ್ಯಕ್ಕೆ ತನ್ನ ಕಂಠವನ್ನು ಕೊಟ್ಟು ಎದ್ದು ಹೋದರು.

ಈಚಿನ ಕಚೇರಿಗಳಲ್ಲಿ ಒಂದು ಗಳಿಗೆ ಬರುತ್ತದೆ. ರಂಗದ ದೀಪಗಳು ತಗ್ಗಿ, ಮೇ ಅವರೊಬ್ಬರೇ ಸಾದಾ ಗಿಟಾರ್ ಹಿಡಿದು ಸಭೆಯ ನಡುವಿಗೆ ಬಂದು ಕುಳಿತು, ಫ್ರೆಡ್ಡಿ ರಚಿಸಿದ 'ಲವ್ ಆಫ್ ಮೈ ಲೈಫ್' ಹಾಡನ್ನು ತೊಡಗುತ್ತಾರೆ. ಸಭೆಯೆಲ್ಲ ದನಿಗೂಡಿಸುತ್ತದೆ. ಕೊನೆಯ ಚರಣಕ್ಕೆ ಬರುವಾಗ ಹಿಂದಿನ ತೆರೆಯ ಮೇಲೆ ಫ್ರೆಡ್ಡಿ ಮೂಡಿ ಹಾಡತೊಡಗುತ್ತಾನೆ. ಆತನಿಗೆ ವಯಸ್ಸಾಗಿಲ್ಲ, ಕೆಳಗೆ ನುಡಿಸುತ್ತಿರುವ ಗೆಳೆಯನ ತಲೆ ಹಣ್ಣಾಗಿದೆ. ನುಡಿಸುತ್ತಲೇ ಮೇ ತಿರುಗಿ ಮೇಲೆ ನೋಡುತ್ತಾರೆ. ಅದನ್ನು ಕಂಡ ಮೇಲೆ ಹಣದ ಮಾತು ನನ್ನ ಮಟ್ಟಿಗೆ ಮುಗಿಯಿತು.

ಕ್ರೀಡೋತ್ಸವ ಕಳೆದು ಒಂದು ತಿಂಗಳಿಗೆ ಆ ವಿದ್ಯಾರ್ಥಿಯ ತಂದೆ ನನ್ನನ್ನು ಕಾಣಲು ಬಂದರು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. "ಮೇಷ್ಟ್ರೇ, ಹುಡುಗ ಮೂರು ಹೊತ್ತೂ ಗಿಟಾರ್ ಹಿಡಿದು ಕೂತಿರುತ್ತಾನೆ. ನಮ್ಮ ಮಾತು ಕಿವಿಗೆ ಹಾಕಿಕೊಳ್ಳುವುದಿಲ್ಲ. ತಾವು ಬುದ್ಧಿ ಹೇಳಬೇಕು," ಎಂದರು. ನಾನು ಅವರನ್ನು ಕೂಡಿಸಿ, ಚಹಾ ತರಿಸಿ, ಹೆರಾಲ್ಡ್ ಮೇ ಅವರ ಕಥೆಯನ್ನು ಹೇಳಿದೆ: ಅಗ್ಗಿಷ್ಟಿಕೆಯ ಮರ, ಬೆಂಕಿಕಡ್ಡಿ, ಮುನಿಸು, ವಿಮಾನ ಎಲ್ಲವನ್ನೂ. ಅವರು ಚಹಾ ಆರಿದರೂ ಕುಡಿಯದೆ ಕೇಳಿದರು. ಕೊನೆಗೆ, "ಆ ಹುಡುಗ ಪಿಎಚ್.ಡಿ. ಮುಗಿಸಿದನೆಂದಿರಲ್ಲ?" ಎಂದರು.

"ಮುಗಿಸಿದರು, ಮೂವತ್ತು ವರ್ಷ ತಡವಾಗಿ."

"ತಡವಾದರೇನು, ಮುಗಿಸಿದನಲ್ಲ! ನಮ್ಮವನಿಗೆ ಅದೊಂದನ್ನು ತಪ್ಪದೆ ಹೇಳಿ, ಮೇಷ್ಟ್ರೇ," ಎಂದು ಎದ್ದರು. ಬಾಗಿಲವರೆಗೆ ಹೋದವರು ತಿರುಗಿ ನಿಂತು, ತುಸು ಸಂಕೋಚದಿಂದ, "ಆ ಗಿಟಾರಿನ ತಂತಿಯೊಂದು ಹರಿದಿದೆಯಂತೆ. ಹೊಸದು ಎಲ್ಲಿ ಸಿಗುತ್ತದೆಂದು ತಮಗೇನಾದರೂ ಗೊತ್ತೇ?" ಎಂದು ಕೇಳಿದರು.